ಅಮೆರಿಕದ ಸಣ್ಣ ಸರ್ಕಾರಿ ಲಾ ಸ್ಕೂಲ್: ಆರಿಸುವುದು ಹೇಗೆ, ಅರ್ಜಿ ಹಾಕುವುದು ಹೇಗೆ

ಅಮೆರಿಕದಲ್ಲಿ ಡಿಗ್ರಿ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು, ಊರಲ್ಲಿ ಪದವಿ ಮುಗಿಸಿ ಅಲ್ಲಿ ವಕೀಲರಾಗಬೇಕೆಂದಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಹೆಸರಾಂತ ಲಾ ಸ್ಕೂಲುಗಳ ಶುಲ್ಕ ಕೊಡಲಾಗುವುದಿಲ್ಲ. ರಾಜ್ಯ ವಿಶ್ವವಿದ್ಯಾಲಯದ ಚಿಕ್ಕ ಲಾ ಸ್ಕೂಲಿಗೆ ಸೇರಿದರೆ ನಡೆಯುತ್ತದೆಯೇ?" ಚೆನ್ನಾಗಿಯೇ ನಡೆಯುತ್ತದೆ, ಆ ರಾಜ್ಯದಲ್ಲೇ ವಕೀಲಿಕೆ ಮಾಡುವ ಮನಸ್ಸು ನಿಮಗಿದ್ದರೆ. ವಯೋಮಿಂಗ್‌ನಲ್ಲಿ ಓದಿ ನ್ಯೂಯಾರ್ಕಿನ ದೊಡ್ಡ ಸಂಸ್ಥೆಯಲ್ಲಿ ಕೆಲಸ ಹುಡುಕುತ್ತೇನೆ ಎನ್ನುವವರಿಗೆ ಈ ದಾರಿ ಬಹಳ ಕಷ್ಟದ್ದು. ವಯೋಮಿಂಗ್‌ನಲ್ಲಿ ಓದಿ ಅಲ್ಲಿನ ಜಿಲ್ಲಾ ಕೋರ್ಟುಗಳಲ್ಲಿ ನಿಲ್ಲುತ್ತೇನೆ ಎನ್ನುವವರಿಗೆ ಇದಕ್ಕಿಂತ ನೇರವಾದ ದಾರಿ ಇಲ್ಲ.

ಮೊದಲು ಎರಡು ಪದ. ಅಮೆರಿಕದಲ್ಲಿ ಕಾನೂನು ಓದುವುದು ಪದವಿಯ ನಂತರ. ಯಾವ ವಿಷಯದ ಪದವಿಯಾದರೂ ಸರಿ. ಅದರ ಮೇಲೆ ಮೂರು ವರ್ಷ ಓದಿ ಪಡೆಯುವ ಪದವಿಗೆ ಜೆ.ಡಿ. ಎನ್ನುತ್ತಾರೆ. ಲಾ ಸ್ಕೂಲುಗಳಿಗೆ ಮಾನ್ಯತೆ ಕೊಡುವುದು ಅಮೆರಿಕನ್ ಬಾರ್ ಅಸೋಸಿಯೇಷನ್, ಅಂದರೆ ಎಬಿಎ. ಎಬಿಎ ಮಾನ್ಯತೆ ಇರುವ ಕಡೆ ಓದಿದವರು ಯಾವ ರಾಜ್ಯದಲ್ಲಿ ಬೇಕಾದರೂ ಬಾರ್ ಪರೀಕ್ಷೆಗೆ, ಅಂದರೆ ವಕೀಲಿಕೆಯ ಪರವಾನಗಿಗಾಗಿ ಬರೆಯುವ ಪರೀಕ್ಷೆಗೆ ಕೂರಬಹುದು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಮಾನ್ಯತೆ ಮಾತ್ರ ಇರುವ ಶಾಲೆಗಳೂ ಇವೆ. ಅಲ್ಲಿ ಶುಲ್ಕ ಕಡಿಮೆಯೆಂದು ಸೇರಿಕೊಂಡರೆ ಬೇರೆ ಹೆಚ್ಚಿನ ರಾಜ್ಯಗಳ ಬಾಗಿಲು ಮುಚ್ಚುತ್ತದೆ.

ಭಾರತದಲ್ಲಿ ಈಗಾಗಲೇ ಎಲ್‌ಎಲ್‌ಬಿ ಮುಗಿಸಿದವರು ಇನ್ನೂ ಮೂರು ವರ್ಷ ಕೊಡುವ ಮೊದಲು ಒಂದು ವರ್ಷದ ಎಲ್‌ಎಲ್‌ಎಂ ಮಾಡಿ ನ್ಯೂಯಾರ್ಕ್ ಬಾರ್ ಪರೀಕ್ಷೆ ಬರೆಯುವ ದಾರಿಯನ್ನು ವಿಚಾರಿಸಿ. ಸಣ್ಣ ಸರ್ಕಾರಿ ಶಾಲೆಗಳಲ್ಲಿ ಹಲವು ಕಡೆ ಎಲ್‌ಎಲ್‌ಎಂ ಇರುವುದೇ ಇಲ್ಲ. ಕೆಳಗಿನದೆಲ್ಲ ಜೆ.ಡಿ.ಗೆ ಸಂಬಂಧಿಸಿದ್ದು.

1. ರಾಜ್ಯ ಮೊದಲು, ಶಾಲೆ ಆಮೇಲೆ

ಮೊದಲ ವರ್ಷಕ್ಕೆ ಹೆಚ್ಚುಕಡಿಮೆ 60ರಿಂದ 130 ಮಂದಿಯನ್ನು ತೆಗೆದುಕೊಳ್ಳುವ ಶಾಲೆಯನ್ನು ಇಲ್ಲಿ ಸಣ್ಣದು ಎನ್ನುತ್ತಿದ್ದೇವೆ. ಲಾರಮಿಯ ವಯೋಮಿಂಗ್ ವಿಶ್ವವಿದ್ಯಾಲಯ, ಮಿಸೂಲಾದ ಮೊಂಟಾನಾ, ವರ್ಮಿಲಿಯನ್‌ನ ಸೌತ್ ಡಕೋಟಾ, ಗ್ರ್ಯಾಂಡ್ ಫೋರ್ಕ್ಸ್‌ನ ನಾರ್ತ್ ಡಕೋಟಾ, ಪೋರ್ಟ್‌ಲ್ಯಾಂಡ್‌ನ ಮೇಯ್ನ್, ಆಲ್ಬುಕರ್ಕಿಯ ನ್ಯೂ ಮೆಕ್ಸಿಕೊ, ಹೊನೊಲುಲುವಿನ ಹವಾಯಿ ವಿಶ್ವವಿದ್ಯಾಲಯಗಳ ಲಾ ಸ್ಕೂಲುಗಳು ಈ ಗುಂಪಿನವು. ಈ ಏಳೂ ತಮ್ಮ ತಮ್ಮ ರಾಜ್ಯದ ಏಕೈಕ ಲಾ ಸ್ಕೂಲುಗಳು. ಅಲ್ಲಿನ ನ್ಯಾಯಾಧೀಶರು, ಸರ್ಕಾರಿ ವಕೀಲರು, ಪೇಟೆಯ ವಕೀಲರ ಕಚೇರಿ ನಡೆಸುವವರು ಬಹುಮಟ್ಟಿಗೆ ಅದೇ ಕಟ್ಟಡದಲ್ಲಿ ಕೂತು ಓದಿದವರು. ದೇಶದ ಶ್ರೇಯಾಂಕ ಪಟ್ಟಿಯಲ್ಲಿ ಶಾಲೆ ಎಷ್ಟನೆಯದು ಎಂಬುದು ಅವರಿಗೆ ಮುಖ್ಯವಲ್ಲ. ಕೆಲಸ ಕೊಡುವಾಗ ಅವರು ನೋಡುವುದು ನೀವು ಅಲ್ಲಿ ಉಳಿಯುತ್ತೀರೋ ಇಲ್ಲವೋ ಎಂಬುದನ್ನು.

ಆದ್ದರಿಂದ ಹತ್ತು ವರ್ಷ ಇರಲು ಒಪ್ಪುವ ಎರಡು ಮೂರು ರಾಜ್ಯಗಳ ಹೆಸರು ಬರೆದುಕೊಂಡೇ ಹುಡುಕಾಟ ಶುರು ಮಾಡಿ. ಚಳಿ, ದೂರ, ಹತ್ತಿರದ ವಿಮಾನ ನಿಲ್ದಾಣ, ಜೀವನ ಸಂಗಾತಿಯ ಕೆಲಸ ಎಲ್ಲವನ್ನೂ ಈಗಲೇ ಯೋಚಿಸಿ. ಮೂರನೆಯ ವರ್ಷದಲ್ಲಿ ಯೋಚಿಸಿದರೆ ತಡವಾಯಿತು.

ಆಯಾ ರಾಜ್ಯದ ಕಾನೂನಿನ ಕೆಲಸವೂ ಬೇರೆ ಬೇರೆ. ಮೊಂಟಾನಾ, ನ್ಯೂ ಮೆಕ್ಸಿಕೊಗಳಲ್ಲಿ 'ಇಂಡಿಯನ್ ಲಾ' ಗಟ್ಟಿಯಾಗಿ ಕಲಿಸುತ್ತಾರೆ. ಹೆಸರು ನೋಡಿ ಮೋಸಹೋಗಬೇಡಿ, ಅದು ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳಿಗೆ ಸಂಬಂಧಿಸಿದ ಕಾನೂನು. ಹವಾಯಿಯಲ್ಲಿ ಅಲ್ಲಿನ ಮೂಲಜನರ ಹಕ್ಕು ಮತ್ತು ಪರಿಸರ, ವಯೋಮಿಂಗ್‌ನಲ್ಲಿ ಇಂಧನ ಮತ್ತು ನೈಸರ್ಗಿಕ ಸಂಪನ್ಮೂಲ. ಸೌತ್ ಡಕೋಟಾದಲ್ಲಿ 10,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಕೌಂಟಿಗಳಿಗೆ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಹೋಗಿ 5 ವರ್ಷ ವಕೀಲಿಕೆ ಮಾಡುವವರಿಗೆ ವರ್ಷವರ್ಷ ಪ್ರೋತ್ಸಾಹಧನ ಕೊಡುವ ಯೋಜನೆ 2013ರಲ್ಲಿ ಶುರುವಾಯಿತು. ಹಳ್ಳಿಯಲ್ಲಿ ಕಚೇರಿ ತೆರೆಯುವ ಮನಸ್ಸಿದ್ದವರಿಗೆ ಇದು ದೊಡ್ಡ ಆಸರೆ.

ಬಾರ್ ಪರೀಕ್ಷೆಯ ಬಗ್ಗೆಯೂ ಇಲ್ಲೇ ತಿಳಿದುಕೊಳ್ಳಿ. ಸುಮಾರು 40 ರಾಜ್ಯ ಮತ್ತು ಪ್ರದೇಶಗಳು ಒಂದೇ ಸಮಾನ ಪರೀಕ್ಷೆಯನ್ನು ಬಳಸುತ್ತಿದ್ದವು. ಅದಕ್ಕೆ ಯುಬಿಇ ಎನ್ನುತ್ತಾರೆ. ಅದರ ಅಂಕವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯಬಹುದು, ಆದರೆ ಪಾಸಿನ ಗೆರೆ ರಾಜ್ಯಕ್ಕೊಂದು, ಸುಮಾರು 260ರಿಂದ 270ರವರೆಗೆ. 2026ರ ಜುಲೈನಿಂದ ಅದರ ಜಾಗಕ್ಕೆ 'ನೆಕ್ಸ್ಟ್‌ಜೆನ್' ಎಂಬ ಹೊಸ ಪರೀಕ್ಷೆ ಹಂತ ಹಂತವಾಗಿ ಬರುತ್ತದೆ. ನೀವು ಪದವಿ ಮುಗಿಸುವ ವರ್ಷ ನಿಮ್ಮ ರಾಜ್ಯದಲ್ಲಿ ಯಾವುದು ಇರುತ್ತದೆ ಎಂದು ಶಾಲೆಯನ್ನೇ ಕೇಳಿ.

2. 509 ವರದಿಯನ್ನು ಕೂತು ಓದಿ

ಎಬಿಎಯ 509ನೇ ನಿಯಮದಂತೆ ಪ್ರತಿ ಲಾ ಸ್ಕೂಲೂ ವರ್ಷಕ್ಕೊಮ್ಮೆ ಡಿಸೆಂಬರ್ ನಡುವಿಗೆ ಒಂದು ವರದಿ ಪ್ರಕಟಿಸಬೇಕು. ಶಾಲೆಯ ಹೆಸರಿನ ಜೊತೆ '509 ರಿಪೋರ್ಟ್' ಎಂದು ಹುಡುಕಿದರೆ ಸಿಗುತ್ತದೆ. ಎರಡೋ ಮೂರೋ ಪುಟ. ಬಣ್ಣದ ಪರಿಚಯ ಪುಸ್ತಿಕೆಗಿಂತ ನೂರು ಪಾಲು ಮೇಲು. ಅದರ ಜೊತೆಗೆ ಉದ್ಯೋಗದ ವರದಿ, ಬಾರ್ ಪರೀಕ್ಷೆಯ ಫಲಿತಾಂಶದ ವರದಿ ಬೇರೆ ಬೇರೆಯಾಗಿ ಇರುತ್ತವೆ. ಮೂರನ್ನೂ ಇಳಿಸಿಕೊಳ್ಳಿ.

ಪ್ರವೇಶದ ಅಂಕಗಳು 25, 50, 75ನೇ ಶತಾಂಶಗಳಲ್ಲಿ ಕೊಟ್ಟಿರುತ್ತವೆ. 50ನೆಯದು ನಡುವಿನ ಗೆರೆ: ಸೇರಿದವರಲ್ಲಿ ಅರ್ಧ ಮಂದಿ ಅದಕ್ಕಿಂತ ಮೇಲೆ, ಅರ್ಧ ಮಂದಿ ಕೆಳಗೆ. ನಿಮ್ಮ ಎಲ್‌ಸ್ಯಾಟ್ (ಲಾ ಸ್ಕೂಲಿನ ಪ್ರವೇಶ ಪರೀಕ್ಷೆ) ಮತ್ತು ಪದವಿಯ ಅಂಕ ಎರಡೂ ನಡುಗೆರೆಗಿಂತ ಮೇಲಿದ್ದರೆ ಸೀಟಿನ ಜೊತೆ ವಿದ್ಯಾರ್ಥಿವೇತನವನ್ನೂ ನಿರೀಕ್ಷಿಸಬಹುದು. ಒಂದು ಮೇಲೆ, ಒಂದು ಕೆಳಗೆ ಇದ್ದರೂ ಅರ್ಜಿ ಹಾಕಿ. ಎರಡೂ 25ನೇ ಶತಾಂಶಕ್ಕಿಂತ ಕೆಳಗಿದ್ದರೆ ಪರೀಕ್ಷೆ ಮತ್ತೆ ಬರೆಯುವುದೇ ಒಳ್ಳೆಯದು.

ಉದ್ಯೋಗದ ವರದಿ ಪದವಿ ಮುಗಿದ ಸುಮಾರು 10 ತಿಂಗಳ ನಂತರದ ಚಿತ್ರ ಕೊಡುತ್ತದೆ. "ಶೇ 90 ಉದ್ಯೋಗ" ಎಂಬ ಒಟ್ಟು ಸಂಖ್ಯೆಯನ್ನು ಪಕ್ಕಕ್ಕಿಡಿ. ಪೂರ್ಣಾವಧಿ, ದೀರ್ಘಾವಧಿ, ಬಾರ್ ಪಾಸಾಗಿರಲೇಬೇಕಾದ ಕೆಲಸ ಎಂಬ ಸಾಲನ್ನು ಮಾತ್ರ ನೋಡಿ. ಅದರಿಂದ ಶಾಲೆಯೇ ಸಂಬಳ ಕೊಟ್ಟು ಇಟ್ಟುಕೊಂಡ ಕೆಲಸಗಳನ್ನು ಕಳೆಯಿರಿ. ಉಳಿದದ್ದೇ ನಿಜವಾದ ಸಂಖ್ಯೆ. ಅದೇ ವರದಿಯ ಕೊನೆಗೆ ಪದವೀಧರರು ಹೆಚ್ಚಾಗಿ ಹೋದ ಮೂರು ರಾಜ್ಯಗಳ ಹೆಸರೂ ಇರುತ್ತದೆ. ನಿಮ್ಮ ಕನಸಿನ ಊರು ಆ ಮೂರರಲ್ಲಿ ಇಲ್ಲದಿದ್ದರೆ ನಿಲ್ಲಿ, ಇನ್ನೊಮ್ಮೆ ಯೋಚಿಸಿ.

ಸಣ್ಣ ಶಾಲೆಯ ಅಂಕಿಅಂಶ ಓದುವಾಗ ಒಂದು ಎಚ್ಚರಿಕೆ ಬೇಕು. 70 ಮಂದಿಯ ತರಗತಿಯಲ್ಲಿ 7 ಮಂದಿ ಹೆಚ್ಚುಕಡಿಮೆಯಾದರೆ ಶೇಕಡಾವಾರು 10 ಅಂಶ ಜಿಗಿಯುತ್ತದೆ. ಒಂದು ವರ್ಷದ ಬಾರ್ ಫಲಿತಾಂಶ ಕುಸಿಯಿತೆಂದು ಶಾಲೆಯನ್ನು ಬಿಡಬೇಡಿ, ಏರಿತೆಂದು ಹಿಗ್ಗಬೇಡಿ. ಕನಿಷ್ಠ ಮೂರು ವರ್ಷಗಳ ವರದಿ ಪಕ್ಕಪಕ್ಕ ಇಟ್ಟು ನೋಡಿ. ಪದವಿ ಮುಗಿದ ಎರಡು ವರ್ಷಗಳೊಳಗೆ ಪರೀಕ್ಷೆ ಬರೆದವರಲ್ಲಿ ಶೇ 75 ಮಂದಿಯಾದರೂ ಪಾಸಾಗಿರಬೇಕೆಂಬುದು ಎಬಿಎ ನಿಯಮ. ಅದರ ಅಂಚಿನಲ್ಲೇ ವರ್ಷವರ್ಷ ತೂಗಾಡುವ ಶಾಲೆ ಬೇಡ.

509 ವರದಿಯಲ್ಲಿ ಮೊದಲ ವರ್ಷ ಬಿಟ್ಟುಹೋದವರ ಲೆಕ್ಕವೂ ಇದೆ. ಓದಿನಲ್ಲಿ ಹಿಂದೆ ಬಿದ್ದು ಹೊರಹೋದವರು, ಬೇರೆ ಶಾಲೆಗೆ ವರ್ಗವಾದವರು ಎಂದು ಬೇರೆ ಬೇರೆ ಕಾಲಂಗಳಿರುತ್ತವೆ. ಒಂದನ್ನು ಇನ್ನೊಂದೆಂದು ಓದಬೇಡಿ.

3. ಹಣದ ಲೆಕ್ಕ ಈಗ ಬದಲಾಗಿದೆ

2025ರ ಜುಲೈನಲ್ಲಿ ಬಂದ ಫೆಡರಲ್ ಕಾಯ್ದೆ ಲಾ ವಿದ್ಯಾರ್ಥಿಗಳ ಸಾಲದ ಲೆಕ್ಕವನ್ನೇ ತಿರುಗಿಸಿತು. ಮೊದಲು 'ಗ್ರ್ಯಾಡ್ ಪ್ಲಸ್' ಎಂಬ ಸಾಲದಡಿ ಶುಲ್ಕ, ಊಟ, ಬಾಡಿಗೆ ಸೇರಿ ಪೂರ್ತಿ ಖರ್ಚನ್ನು ಸರ್ಕಾರದಿಂದಲೇ ಪಡೆಯಬಹುದಿತ್ತು. 2026ರ ಜುಲೈ 1ರಿಂದ ಹೊಸಬರಿಗೆ ಆ ಸಾಲ ಇಲ್ಲ. ಲಾ ವಿದ್ಯಾರ್ಥಿಗೆ ಫೆಡರಲ್ ಸಾಲದ ಮಿತಿ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್.

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಶುಲ್ಕ 60,000, ಜೀವನ ವೆಚ್ಚ 25,000 ಇರುವ ಶಾಲೆಯಲ್ಲಿ ವರ್ಷಕ್ಕೆ 85,000 ಬೇಕು. 50,000 ಸಾಲ ಸಿಕ್ಕರೂ 35,000 ಕೊರತೆ. ಮೂರು ವರ್ಷಕ್ಕೆ 1,05,000 ಡಾಲರನ್ನು ಖಾಸಗಿ ಸಾಲದಿಂದಲೋ ಮನೆಯ ಉಳಿತಾಯದಿಂದಲೋ ತರಬೇಕು. ಶುಲ್ಕ 18,000, ಜೀವನ ವೆಚ್ಚ 20,000 ಇರುವ ಕಡೆ 38,000ಕ್ಕೆ ಮುಗಿಯುತ್ತದೆ, ಮಿತಿಯೊಳಗೇ ಇರುತ್ತೀರಿ. ಸಣ್ಣ ಸರ್ಕಾರಿ ಶಾಲೆಗಳ ಕಡೆ ಜನ ಹೊಸದಾಗಿ ತಿರುಗಿ ನೋಡುತ್ತಿರುವುದಕ್ಕೆ ಇದು ದೊಡ್ಡ ಕಾರಣ. ಈ ಸಾಲಕ್ಕೆ ಬಡ್ಡಿ ಹಣ ಕೈಗೆ ಬಂದ ದಿನದಿಂದಲೇ ಓಡುತ್ತದೆ ಎಂಬುದು ನೆನಪಿರಲಿ. 2025-26ರ ಸಾಲಿನಲ್ಲಿ ಅದು ಶೇ 7.94.

ಫೆಡರಲ್ ಸಾಲ ಸಿಗುವುದು ಅಮೆರಿಕದ ಪೌರರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಇನ್ನು ಕೆಲವೇ ವರ್ಗಗಳಿಗೆ. ಎಫ್-1 (ವಿದ್ಯಾರ್ಥಿ ವೀಸಾ), ಎಚ್-4 (ಎಚ್-1ಬಿ ಕೆಲಸದ ವೀಸಾದವರ ಗಂಡ, ಹೆಂಡತಿ, ಮಕ್ಕಳ ವೀಸಾ) ಇರುವವರಿಗೆ ಇಲ್ಲ. ಖಾಸಗಿ ಸಾಲಕ್ಕೆ ಪೌರರೊಬ್ಬರ ಅಥವಾ ಗ್ರೀನ್ ಕಾರ್ಡ್ ಇದ್ದವರ ಜಾಮೀನು ಸಾಮಾನ್ಯವಾಗಿ ಕೇಳುತ್ತಾರೆ. ಎಫ್-1ಗೆ ಬೇಕಾದ, ಶಾಲೆ ಕೊಡುವ ಐ-20 ಪತ್ರ ಪಡೆಯಲು ಮೊದಲ ವರ್ಷದ ಪೂರ್ತಿ ಖರ್ಚಿಗೆ ಹಣವಿದೆ ಎಂದು ತೋರಿಸಬೇಕು.

ಈಗ ಅತಿ ಹೆಚ್ಚು ಜನ ಎಡವುವ ಜಾಗ: ಷರತ್ತಿನ ವಿದ್ಯಾರ್ಥಿವೇತನ. "ಮೊದಲ ವರ್ಷ 3.0 ಉಳಿಸಿಕೊಂಡರೆ ಮುಂದುವರಿಯುತ್ತದೆ" ಎಂದು ಪತ್ರ ಬರುತ್ತದೆ. ಇದು ಜಿಪಿಎ, ಅಂದರೆ ಎಲ್ಲ ವಿಷಯಗಳ ಗ್ರೇಡುಗಳ ಸರಾಸರಿ. ಡಿಗ್ರಿಯಲ್ಲಿ 3.7 ತೆಗೆದವರಿಗೆ 3.0 ಸುಲಭವೆನಿಸುತ್ತದೆ. ಆದರೆ ಲಾ ಸ್ಕೂಲಿನಲ್ಲಿ ಅಂಕ ಕೊಡುವುದು ಕರ್ವ್ ಮೇಲೆ. ಅಂದರೆ ತರಗತಿಯ ಸರಾಸರಿ ಎಷ್ಟಿರಬೇಕೆಂದು ಮೊದಲೇ ನಿಗದಿಯಾಗಿರುತ್ತದೆ. ಆ ಸರಾಸರಿ 2.8 ಇದ್ದರೆ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಮಂದಿ 3.0 ಮುಟ್ಟುವುದೇ ಇಲ್ಲ, ಎಲ್ಲರೂ ಎಷ್ಟೇ ಓದಲಿ. ಎಷ್ಟು ಮಂದಿಗೆ ಷರತ್ತಿನ ವೇತನ ಕೊಟ್ಟರು, ಎಷ್ಟು ಮಂದಿಯದು ಕಡಿತವಾಯಿತು ಎಂಬುದು 509 ವರದಿಯಲ್ಲೇ ಇದೆ. ಶಾಲೆಗೆ ಬರೆದು ಮೊದಲ ವರ್ಷದ ಕರ್ವ್ ಎಷ್ಟೆಂದು ಕೇಳಿ. ಉತ್ತರ ಪತ್ರದಲ್ಲಿ ಬರಲಿ, ಫೋನಿನಲ್ಲಿ ಬೇಡ.

4. ರಾಜ್ಯದ ನಿವಾಸಿ ಯಾರು?

ಸರ್ಕಾರಿ ಶಾಲೆಯಲ್ಲಿ ರಾಜ್ಯದವರಿಗೆ ಒಂದು ಶುಲ್ಕ, ಹೊರಗಿನವರಿಗೆ ಇನ್ನೊಂದು. ಎರಡರ ನಡುವಿನ ಅಂತರ ಕೆಲವು ಕಡೆ ದುಪ್ಪಟ್ಟಿಗೂ ಹೆಚ್ಚು. ಸಾಮಾನ್ಯ ನಿಯಮವೇನೆಂದರೆ 12 ತಿಂಗಳು ಆ ರಾಜ್ಯದಲ್ಲಿ ವಾಸವಿರಬೇಕು, ಮತ್ತು ಓದುವುದಕ್ಕಾಗಿಯೇ ಬಂದದ್ದಲ್ಲ ಎಂದು ತೋರಿಸಬೇಕು. ಚಾಲನಾ ಪರವಾನಗಿ, ವಾಹನ ನೋಂದಣಿ, ಮತದಾರರ ಪಟ್ಟಿ, ರಾಜ್ಯದ ಆದಾಯ ತೆರಿಗೆ, ಬಾಡಿಗೆ ಕರಾರು: ಇವೇ ಪುರಾವೆಗಳು. ಮತದಾರರ ಪಟ್ಟಿಗೆ ಸೇರುವುದು ಪೌರರು ಮಾತ್ರ. ಬೇರೆಯವರು ಶುಲ್ಕ ಉಳಿಸಲೆಂದು ಆ ಕಾಗದಕ್ಕೆ ಸಹಿ ಹಾಕಿದರೆ ವಲಸೆಯ ದಾಖಲೆಗೇ ಕುತ್ತು ಬರುತ್ತದೆ.

ಮೊದಲ ವರ್ಷ ಹೊರಗಿನವರ ಶುಲ್ಕ ಕಟ್ಟಿ ಎರಡನೆಯ ವರ್ಷದಿಂದ ನಿವಾಸಿಯಾಗಬಹುದೇ? ಕೆಲವು ರಾಜ್ಯಗಳಲ್ಲಿ ಆಗುತ್ತದೆ, ಕೆಲವು ಕಡೆ ಪೂರ್ಣಾವಧಿ ವಿದ್ಯಾರ್ಥಿಗೆ ಆ ದಾರಿಯೇ ಇಲ್ಲ. ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಕಚೇರಿಯ ನಿಯಮ ಓದಿ. ಹಿರಿಯ ವಿದ್ಯಾರ್ಥಿ ಹೇಳಿದ ಮಾತಿನ ಮೇಲೆ 30,000 ಡಾಲರಿನ ಲೆಕ್ಕ ನಿಲ್ಲಿಸಬೇಡಿ.

ಎಚ್-1ಬಿ ಕುಟುಂಬಗಳಿಗೆ ಒಂದು ಮಾತು. ಮಗ ಅಥವಾ ಮಗಳ ಎಚ್-4 ಸ್ಥಾನ 21 ತುಂಬಿದಾಗ ಮುಗಿಯುತ್ತದೆ. ಲಾ ಸ್ಕೂಲ್ ಸೇರುವ ವಯಸ್ಸು ಸಾಮಾನ್ಯವಾಗಿ 22 ಅಥವಾ ಅದಕ್ಕಿಂತ ಹೆಚ್ಚು. ಗ್ರೀನ್ ಕಾರ್ಡ್ ಅಷ್ಟರಲ್ಲಿ ಬರದಿದ್ದರೆ ಅವರು ಹೆಚ್ಚಾಗಿ ಎಫ್-1ರಲ್ಲೇ ಇರುತ್ತಾರೆ, ಮತ್ತು ಎಫ್-1ನವರನ್ನು ಬಹಳ ಕಡೆ ನಿವಾಸಿಯೆಂದು ಎಣಿಸುವುದಿಲ್ಲ. ಹದಿನೈದು ವರ್ಷ ಅದೇ ಊರಲ್ಲಿ ಬೆಳೆದ ಮಗುವಿಗೂ ಹೊರಗಿನವರ ಶುಲ್ಕ ಬೀಳುವುದು ಹೀಗೆ. ನೋವಿನ ಸಂಗತಿ ಇದು, ಆದರೆ ಮೊದಲೇ ಗೊತ್ತಿದ್ದರೆ ಲೆಕ್ಕ ತಪ್ಪುವುದಿಲ್ಲ. ಆ ರಾಜ್ಯದಲ್ಲಿ ಹೈಸ್ಕೂಲ್ ಓದಿದವರಿಗೆ ವೀಸಾ ನೋಡದೆ ನಿವಾಸಿ ಶುಲ್ಕ ಕೊಡುವ ಕಾಯ್ದೆ ಕೆಲವು ರಾಜ್ಯಗಳಲ್ಲಿದೆ, ಅದನ್ನು ಕೇಳಿ ನೋಡಿ. ಗಂಡನ ಅಥವಾ ಹೆಂಡತಿಯ ಎಚ್-1ಬಿ ಮೇಲೆ ಎಚ್-4ನಲ್ಲಿ ಇರುವವರ ವಿಷಯ ಬೇರೆ. ಅವರಿಗೆ ಹಲವು ರಾಜ್ಯಗಳು ನಿವಾಸಿ ಸ್ಥಾನ ಕೊಡುತ್ತವೆ.

5. ಎಲ್‌ಸ್ಯಾಟ್

ಇದು ಪ್ರವೇಶ ಪರೀಕ್ಷೆ. ಅಂಕ 120ರಿಂದ 180. 2024ರ ಆಗಸ್ಟ್‌ನಿಂದ 'ಲಾಜಿಕ್ ಗೇಮ್ಸ್' ಭಾಗವನ್ನು ತೆಗೆದುಹಾಕಿದ್ದಾರೆ, ಹಾಗಾಗಿ ಅದಕ್ಕಿಂತ ಹಳೆಯ ಪುಸ್ತಕಗಳನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಆ ಭಾಗಕ್ಕೆ ಸಮಯ ಕೊಡಬೇಡಿ. ಈಗ ತಲಾ 35 ನಿಮಿಷದ ನಾಲ್ಕು ಭಾಗ: ಎರಡು ತರ್ಕ, ಒಂದು ಓದಿ ಅರ್ಥಮಾಡಿಕೊಳ್ಳುವುದು, ಇನ್ನೊಂದು ಅಂಕ ಸೇರದ ಪ್ರಾಯೋಗಿಕ ಭಾಗ. ಯಾವುದು ಪ್ರಾಯೋಗಿಕವೆಂದು ನಿಮಗೆ ತಿಳಿಯುವುದಿಲ್ಲ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ.

ಪ್ರಬಂಧದ ಭಾಗವನ್ನು ಬೇರೆಯಾಗಿ ಬರೆಯಬೇಕು. ಮೊದಲ ಸಲದವರು ಅದನ್ನು ಮುಗಿಸದಿದ್ದರೆ ಅಂಕವೇ ಬಿಡುಗಡೆಯಾಗುವುದಿಲ್ಲ. ಇಡೀ ಅರ್ಜಿ ಇಷ್ಟಕ್ಕೇ ವಾರಗಟ್ಟಲೆ ನಿಂತುಹೋಗುವುದುಂಟು.

ತಯಾರಿಗೆ ನಾಲ್ಕರಿಂದ ಆರು ತಿಂಗಳು ಇಟ್ಟುಕೊಳ್ಳಿ. ಪರೀಕ್ಷೆ ನಡೆಸುವ ಎಲ್‌ಸ್ಯಾಕ್ ಸಂಸ್ಥೆಯ 'ಲಾಹಬ್' ತಾಣದಲ್ಲಿ ಕೆಲವು ನಿಜ ಪ್ರಶ್ನೆಪತ್ರಿಕೆಗಳು ಉಚಿತವಾಗಿ ಸಿಗುತ್ತವೆ. ಜೂನ್ ಅಥವಾ ಆಗಸ್ಟ್‌ನಲ್ಲಿ ಮೊದಲ ಸಲ ಬರೆದರೆ ಅಕ್ಟೋಬರಿನಲ್ಲಿ ಇನ್ನೊಮ್ಮೆ ಬರೆಯಲು ಜಾಗ ಇರುತ್ತದೆ. ಹೆಚ್ಚಿನ ಶಾಲೆಗಳು ಅತಿ ಹೆಚ್ಚಿನ ಅಂಕವನ್ನೇ ಎಣಿಸುತ್ತವೆ, ಎಬಿಎಗೆ ವರದಿ ಮಾಡುವುದೂ ಅದನ್ನೇ. ಐದು ವರ್ಷಗಳ ಅವಧಿಯಲ್ಲಿ 5 ಸಲ, ಜೀವಮಾನದಲ್ಲಿ 7 ಸಲ ಮಾತ್ರ ಬರೆಯಬಹುದು. ಸಣ್ಣ ಶಾಲೆಯಲ್ಲಿ ಎರಡು ಮೂರು ಅಂಕ ಹೆಚ್ಚಾದರೂ ವಿದ್ಯಾರ್ಥಿವೇತನದಲ್ಲಿ ಸಾವಿರಾರು ಡಾಲರ್ ವ್ಯತ್ಯಾಸವಾಗಬಹುದು. ಅರ್ಜಿಯ ಉಳಿದ ಯಾವ ಕೆಲಸಕ್ಕೂ ಗಂಟೆಗೆ ಇಷ್ಟು ಬೆಲೆ ಇಲ್ಲ. ಭಾರತದ ಕಾಲೇಜುಗಳಿಗಾಗಿ ನಡೆಯುತ್ತಿದ್ದ 'ಎಲ್‌ಸ್ಯಾಟ್ ಇಂಡಿಯಾ' ಬೇರೆಯೇ ಪರೀಕ್ಷೆ, ಅದರ ಅಂಕ ಇಲ್ಲಿ ನಡೆಯದು.

2024-25ರಲ್ಲಿ ಪರೀಕ್ಷೆಗೆ 238 ಡಾಲರ್, ದಾಖಲೆ ಸೇವೆಗೆ 207, ಪ್ರತಿ ಶಾಲೆಗೆ ವರದಿ ಕಳಿಸಲು 45 ಇತ್ತು. ವರ್ಷವರ್ಷ ಸ್ವಲ್ಪ ಏರುತ್ತದೆ. ಆದಾಯ ಕಡಿಮೆ ಇರುವ ಪೌರರು, ಗ್ರೀನ್ ಕಾರ್ಡಿನವರು ಎಲ್‌ಸ್ಯಾಕ್‌ನಲ್ಲಿ ಶುಲ್ಕ ವಿನಾಯಿತಿ ಕೇಳಬಹುದು, ಆದರೆ ಹಣ ಕಟ್ಟುವ ಮೊದಲು. ಕಟ್ಟಿದ್ದು ವಾಪಸು ಬರುವುದಿಲ್ಲ.

6. ದಾಖಲೆಗಳು

ಎಲ್ಲ ಎಬಿಎ ಶಾಲೆಗಳೂ ಎಲ್‌ಸ್ಯಾಕ್‌ನ ಸಿಎಎಸ್ ಎಂಬ ಸೇವೆಯ ಮೂಲಕವೇ ದಾಖಲೆ ತರಿಸಿಕೊಳ್ಳುತ್ತವೆ ಎಂದುಕೊಂಡರೆ ಕೆಲಸ ಸುಲಭ. ನೀವು ಕಾಲೇಜು ಮಟ್ಟದಲ್ಲಿ ಓದಿದ ಪ್ರತಿ ಸಂಸ್ಥೆಯಿಂದಲೂ ಅಂಕಪಟ್ಟಿ ಅಲ್ಲಿಗೆ ನೇರವಾಗಿ ಹೋಗಬೇಕು. ಹೈಸ್ಕೂಲಿನಲ್ಲಿದ್ದಾಗ ಕಮ್ಯುನಿಟಿ ಕಾಲೇಜಿನಲ್ಲಿ ತೆಗೆದುಕೊಂಡ ಒಂದೇ ಒಂದು ಕೋರ್ಸನ್ನೂ ಮರೆಯಬೇಡಿ. ಅದು ಬರದೆ ಕಡತ ಪೂರ್ತಿಯಾಗುವುದಿಲ್ಲ.

ಎಲ್‌ಸ್ಯಾಕ್ ಸರಾಸರಿಯನ್ನು ತಾನೇ ಲೆಕ್ಕ ಹಾಕುತ್ತದೆ. ಎ ಪ್ಲಸ್‌ಗೆ 4.33. ಫೇಲಾಗಿ ಮತ್ತೆ ಬರೆದ ಕೋರ್ಸಿನ ಹಳೆಯ ಅಂಕವನ್ನು ನಿಮ್ಮ ಕಾಲೇಜು ಅಳಿಸಿದ್ದರೂ ಅಂಕಪಟ್ಟಿಯಲ್ಲಿ ಕಾಣುತ್ತಿದ್ದರೆ ಅದನ್ನೂ ಸೇರಿಸುತ್ತಾರೆ. ಕಾಲೇಜಿನ 3.6 ಇಲ್ಲಿ 3.45 ಆದರೆ ಗಾಬರಿ ಬೇಡ. 509 ವರದಿಯ ಸಂಖ್ಯೆಗಳೂ ಇದೇ ಲೆಕ್ಕದವು, ಆದ್ದರಿಂದ ಹೋಲಿಸಬೇಕಾದದ್ದು ಎಲ್‌ಸ್ಯಾಕ್ ಕೊಟ್ಟ ಸಂಖ್ಯೆಯನ್ನೇ.

ಭಾರತದಲ್ಲಿ ಪದವಿ ಮಾಡಿದವರಿಗೆ ಸಂಖ್ಯೆ ಕೊಡುವುದಿಲ್ಲ. 'ಉತ್ಕೃಷ್ಟ', 'ಸರಾಸರಿಗಿಂತ ಮೇಲೆ' ಎಂಬಂಥ ದರ್ಜೆ ಮಾತ್ರ. ಹಾಗಾಗಿ ಅವರ ಅರ್ಜಿಯಲ್ಲಿ ಎಲ್‌ಸ್ಯಾಟ್ ತೂಕ ಇನ್ನೂ ಹೆಚ್ಚು. ನಮ್ಮ ವಿಶ್ವವಿದ್ಯಾಲಯಗಳಿಂದ ಅಂಕಪಟ್ಟಿ ಮೊಹರಾದ ಲಕೋಟೆಯಲ್ಲಿ ನೇರವಾಗಿ ಹೋಗಬೇಕು, ನೀವು ಕಳಿಸಿದ ಜೆರಾಕ್ಸ್ ನಡೆಯುವುದಿಲ್ಲ. ಇದಕ್ಕೆ ಮೂರು ತಿಂಗಳು ಇಟ್ಟುಕೊಳ್ಳಿ.

ಶಿಫಾರಸು ಪತ್ರ ಎರಡು ಸಾಕು. ತರಗತಿಯಲ್ಲಿ ನಿಮ್ಮ ಬರವಣಿಗೆ ತಿದ್ದಿದ ಅಧ್ಯಾಪಕರು ಬರೆದದ್ದು, ಹೆಸರುವಾಸಿ ಪರಿಚಯಸ್ಥರು ಬರೆದದ್ದಕ್ಕಿಂತ ಬಹಳ ಮೇಲು.

7. ಬರಹ

ಆತ್ಮನಿವೇದನೆಯ ಪ್ರಬಂಧ ಸಾಮಾನ್ಯವಾಗಿ ಎರಡು ಪುಟ, ಸಾಲುಗಳ ನಡುವೆ ದುಪ್ಪಟ್ಟು ಜಾಗ. ವಲಸೆಯ ಕಷ್ಟ, ಅಜ್ಜಿಯ ಆದರ್ಶ ಎಂದು ಸಾವಿರ ಮಂದಿ ಬರೆಯುತ್ತಾರೆ. ನೀವು ಕೈಯಾರೆ ಮಾಡಿದ ಒಂದು ಕೆಲಸ, ಅದರಲ್ಲಿ ಎದುರಾದ ಒಂದು ಪ್ರಶ್ನೆ, ಅದಕ್ಕೆ ಕಾನೂನು ಏಕೆ ಬೇಕಾಯಿತು ಎಂಬುದನ್ನು ಬರೆಯಿರಿ.

ಸಣ್ಣ ಶಾಲೆಗೆ ಇದರಷ್ಟೇ ಮುಖ್ಯವಾದ ಇನ್ನೊಂದು ಪುಟವಿದೆ: ಈ ರಾಜ್ಯವೇ ಏಕೆ? ನಿಮ್ಮ ಅಂಕ ಅವರ ನಡುಗೆರೆಗಿಂತ ಬಹಳ ಮೇಲಿದ್ದರೆ ನೀವು ಬರುವುದೇ ಇಲ್ಲವೆಂದು ಅವರು ಅಂದುಕೊಳ್ಳುತ್ತಾರೆ. ಕುಟುಂಬದ ನಂಟು, ಅಲ್ಲಿ ಮಾಡಿದ ಕೆಲಸ, ಅಲ್ಲಿನ ಒಂದು ಕ್ಲಿನಿಕ್‌ನಲ್ಲಿ ಆಸಕ್ತಿ ಏನಿದ್ದರೂ ನಿರ್ದಿಷ್ಟವಾಗಿ ಬರೆಯಿರಿ. ಕ್ಲಿನಿಕ್ ಎಂದರೆ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ನಿಜವಾದ ಕಕ್ಷಿದಾರರ ಕೇಸು ನಡೆಸುವ ತರಗತಿ. ಬೇರೆ ಶಾಲೆಯ ಹೆಸರು ಉಳಿದುಹೋದ ಪ್ರಬಂಧ ಪ್ರತಿ ವರ್ಷ ಬರುತ್ತದೆ. ಕಳಿಸುವ ಮೊದಲು ಹೆಸರನ್ನು ಹುಡುಕಿ ನೋಡಿ.

8. ನಡತೆಯ ಪ್ರಶ್ನೆಗಳು

'ಕ್ಯಾರೆಕ್ಟರ್ ಆ್ಯಂಡ್ ಫಿಟ್‌ನೆಸ್' ಎಂಬ ಭಾಗದಲ್ಲಿ ಬಂಧನ, ಮೊಕದ್ದಮೆ, ಕಾಲೇಜಿನ ಶಿಸ್ತುಕ್ರಮ, ಕೆಲವು ಕಡೆ ಸಂಚಾರ ದಂಡವನ್ನೂ ಕೇಳುತ್ತಾರೆ. ಪ್ರಶ್ನೆಯ ಪದಗಳನ್ನು ಒಂದೊಂದಾಗಿ ಓದಿ, ಕೇಳಿದ್ದಕ್ಕೆಲ್ಲ ಪೂರ್ತಿ ಉತ್ತರ ಕೊಡಿ. ಹಾಸ್ಟೆಲಿನ ಒಂದು ಎಚ್ಚರಿಕೆ ಪತ್ರದಿಂದ ಸೀಟು ತಪ್ಪುವುದು ಅಪರೂಪ. ಅದನ್ನು ಮುಚ್ಚಿಟ್ಟದ್ದರಿಂದ ಮೂರು ವರ್ಷದ ನಂತರ ಬಾರ್ ಪರವಾನಗಿ ಸಿಕ್ಕಿಹಾಕಿಕೊಳ್ಳುವುದು ನಿಜವಾಗಿ ಆಗುತ್ತದೆ, ಏಕೆಂದರೆ ಬಾರ್ ಮಂಡಳಿಯವರು ನಿಮ್ಮ ಲಾ ಸ್ಕೂಲ್ ಅರ್ಜಿಯನ್ನು ತರಿಸಿಕೊಂಡು ಸಾಲು ಸಾಲು ಹೋಲಿಸುತ್ತಾರೆ. ಅರ್ಜಿಯ ನಂತರ ಏನಾದರೂ ನಡೆದರೆ ಅದನ್ನೂ ಬರೆದು ತಿಳಿಸಬೇಕು.

9. ಸಲ್ಲಿಸುವುದು, ಕಾಯುವುದು, ಆರಿಸುವುದು

ಅರ್ಜಿಗಳು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ ತೆರೆಯುತ್ತವೆ. ಬಂದ ಹಾಗೆ ನೋಡಿ ಸೀಟು ಕೊಡುತ್ತಾ ಹೋಗುವ ಪದ್ಧತಿ ಇದು. ಕೊನೆಯ ದಿನಾಂಕ ವಸಂತದಲ್ಲಿದ್ದರೂ ವಿದ್ಯಾರ್ಥಿವೇತನದ ಹಣ ಅಷ್ಟರಲ್ಲಿ ಕರಗಿರುತ್ತದೆ. ನವೆಂಬರ್ ಕೊನೆಯೊಳಗೆ ಕಳಿಸಿ. 'ಅರ್ಲಿ ಡಿಸಿಷನ್' ಎಂದರೆ ಸೀಟು ಕೊಟ್ಟರೆ ಬಂದೇ ಬರುತ್ತೇನೆ ಎಂಬ ಮುಚ್ಚಳಿಕೆ. ಅದಕ್ಕೆ ಸಹಿ ಹಾಕಿದರೆ ಹಣದ ಚೌಕಾಸಿಗೆ ದಾರಿ ಉಳಿಯುವುದಿಲ್ಲ.

ಸೀಟು ಸಿಕ್ಕ ಮೇಲೆ ಒಂದು ದಿನ ಹೋಗಿ ತರಗತಿಯಲ್ಲಿ ಕೂತು ಬನ್ನಿ. ಕೇಳಬೇಕಾದದ್ದು: ನಿಮಗೆ ಬೇಕಾದ ಐಚ್ಛಿಕ ವಿಷಯ ಪ್ರತಿ ವರ್ಷ ಇದೆಯೇ, ಎರಡು ವರ್ಷಕ್ಕೊಮ್ಮೆಯೇ? ಆ ವಿಷಯಕ್ಕೆ ಒಬ್ಬರೇ ಪ್ರಾಧ್ಯಾಪಕರೇ, ಅವರು ರಜೆಯಲ್ಲಿ ಹೋದರೆ ಏನು ಗತಿ? ಕ್ಲಿನಿಕ್‌ನಲ್ಲಿ ಎಷ್ಟು ಜಾಗ? ಮೊದಲ ಬೇಸಿಗೆಯಲ್ಲಿ ವಿದ್ಯಾರ್ಥಿಗಳು ಎಲ್ಲಿ ಕೆಲಸ ಮಾಡಿದರು? ಸಣ್ಣ ಶಾಲೆಯ ನಿಜವಾದ ಕೊರತೆಗಳು ಇಲ್ಲೇ ಕಾಣುತ್ತವೆ. ಅದರ ನಿಜವಾದ ಬಲವೂ ಇಲ್ಲೇ ಕಾಣುತ್ತದೆ, ಡೀನ್ ಕಾರಿಡಾರಿನಲ್ಲಿ ವಿದ್ಯಾರ್ಥಿಗಳನ್ನು ಹೆಸರು ಹಿಡಿದು ಮಾತಾಡಿಸುವಾಗ.

ಇನ್ನೊಂದು ಶಾಲೆ ಹೆಚ್ಚು ಹಣ ಕೊಟ್ಟಿದ್ದರೆ ಆ ಪತ್ರವನ್ನು ಜೊತೆಗಿಟ್ಟು ವಿನಯದಿಂದ ಬರೆಯಿರಿ: "ನಿಮ್ಮಲ್ಲಿಗೇ ಬರುವ ಇಚ್ಛೆ, ವೇತನವನ್ನು ಮರುಪರಿಶೀಲಿಸಲು ಸಾಧ್ಯವೇ?" ಮೊತ್ತ ಏರಿಸಲಾಗದಿದ್ದರೆ ಷರತ್ತನ್ನಾದರೂ ತೆಗೆಯಿರಿ ಎಂದು ಕೇಳಿ. ಷರತ್ತಿಲ್ಲದ 8,000 ಡಾಲರ್, ಷರತ್ತಿರುವ 12,000ಕ್ಕಿಂತ ಎಷ್ಟೋ ಸಲ ಹೆಚ್ಚು ಬಾಳುತ್ತದೆ.

ಮುಂಗಡ ಕಟ್ಟಿದ ಮೇಲೆ ಮೂರು ಕೆಲಸ ಉಳಿಯುತ್ತವೆ. ಫೆಡರಲ್ ಸಾಲ ಬೇಕಾದವರು ಎಫ್‌ಎಎಫ್‌ಎಸ್‌ಎ ಎಂಬ ಸರ್ಕಾರಿ ನೆರವಿನ ಅರ್ಜಿಯಲ್ಲಿ ಶಾಲೆಯ ಹೆಸರು ಸೇರಿಸಬೇಕು. ಅಲ್ಲಿ ನೀವು ಸ್ವತಂತ್ರ ವಿದ್ಯಾರ್ಥಿ, ಅಪ್ಪ ಅಮ್ಮನ ಆದಾಯ ಕೇಳುವುದಿಲ್ಲ. ಪದವಿ ಬಂದದ್ದನ್ನು ತೋರಿಸುವ ಕೊನೆಯ ಅಂಕಪಟ್ಟಿ ತಲುಪುವಂತೆ ನೋಡಿಕೊಳ್ಳಬೇಕು. ಹೊರರಾಜ್ಯದಿಂದ ಹೋಗುವವರು, ಎರಡನೆಯ ವರ್ಷ ನಿವಾಸಿ ಸ್ಥಾನ ಕೇಳುವ ದಾರಿ ಆ ರಾಜ್ಯದಲ್ಲಿದ್ದರೆ, ಬಾಡಿಗೆ ಕರಾರಿನ ಮೊದಲ ಪುಟದಿಂದ ಹಿಡಿದು ಪ್ರತಿ ಕಾಗದವನ್ನೂ ತಾರೀಖಿನ ಸಮೇತ ಒಂದು ಕಡತದಲ್ಲಿ ಇಟ್ಟುಕೊಳ್ಳಬೇಕು. ಆ 12 ತಿಂಗಳನ್ನು ನೀವು ಸಾಬೀತುಪಡಿಸಬೇಕಾದದ್ದು ಆ ಪುರಾವೆಗಳ ಮೇಲಿರುವ ತಾರೀಖಿನಿಂದಲೇ.